ನಕ್ಷತ್ರಕ್ಕೆ ಬಹುಮಾನ, ಮರಕ್ಕೆ ಮೌನ

ಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ನಾವು ಇತ್ತೀಚೆಗೆ ಎರಡು ಕಂಪ್ಯೂಟರ್‌ಗಳ ಮುಂದೆ ನಿಂತೆವು. ಎರಡರಲ್ಲೂ ವಿಷಯ ಒಂದೇ: ತಾವಾಗಿಯೇ ಜೋಡಣೆಗೊಳ್ಳುವ ಪುಟ್ಟ ರೋಬೋಟ್‌ಗಳು. ಹುಡುಗನೊಬ್ಬನ ಪರದೆಯಲ್ಲಿ ನೀಲಿ ಚೌಕಗಳು ಕ್ಷಣಾರ್ಧದಲ್ಲಿ ನಕ್ಷತ್ರವಾದವು. ಹುಡುಗಿಯೊಬ್ಬಳ ಪರದೆಯಲ್ಲಿ ಅವು ದಿಕ್ಕೆಟ್ಟು ಅಲೆದು, ಒಂದಕ್ಕೊಂದು ತಗಲಿ, ಕೊನೆಗೆ ಕೊಂಬೆ ಚಾಚಿದ ಮರದಂತೆ ನಿಂತವು. ಬಹುಮಾನ ನಕ್ಷತ್ರಕ್ಕೆ ಸಂದಿತು. ಆ ತೀರ್ಪು ತಪ್ಪೆಂಬುದು ನಮ್ಮ ಅಭಿಪ್ರಾಯ.

ಇಬ್ಬರೂ ಬಳಸಿದ್ದು ಸ್ಕ್ರ್ಯಾಚ್ ಎಂಬ ತಂತ್ರಾಂಶ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಸಾರ್ವಜನಿಕರಿಗೆ ನೀಡಿದ ಇದು ಸಂಪೂರ್ಣ ಉಚಿತ. ಬಣ್ಣದ ತುಂಡುಗಳನ್ನು ಪೋಣಿಸಿದರೆ ಪ್ರೋಗ್ರಾಂ ಸಿದ್ಧ. ಒಂದು ಚೌಕಕ್ಕೆ ನಿಯಮ ಬರೆದು, ಅದರ 300 ಪ್ರತಿಗಳವರೆಗೆ ಪರದೆಗಿಳಿಸಬಹುದು.

ಹುಡುಗ ಪ್ರತಿಯೊಂದು ಚೌಕದ ಸ್ಥಾನವನ್ನೂ ಪಟ್ಟಿಯಲ್ಲಿ ಬರೆದಿಟ್ಟಿದ್ದ; ಚೌಕಗಳು ಆಜ್ಞೆಯನ್ನು ಪಾಲಿಸಿದವು, ಅಷ್ಟೆ. ಹುಡುಗಿಯ ನಿಯಮ ಎರಡೇ ಸಾಲಿನದು: ಅಲೆಯುತ್ತಿರು, ಕೆಂಪನ್ನು ಮುಟ್ಟಿದರೆ ನೀನೂ ಕೆಂಪಾಗಿ ಅಲ್ಲಿಯೇ ನಿಲ್ಲು. ಆರಂಭದಲ್ಲಿ ನಡುವಿನ ಒಂದೇ ಚೌಕ ಕೆಂಪು. ಇಡೀ ಚಿತ್ರ ಯಾವ ಚೌಕಕ್ಕೂ ತಿಳಿದಿಲ್ಲ. ಹಾಗಾದರೆ ಸ್ವಯಂಜೋಡಣೆ ಎಂಬ ಹೆಸರಿಗೆ ಅರ್ಹವಾದುದು ಯಾವುದು?

2014ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1,024 ಕಿಲೋಬಾಟ್‌ಗಳನ್ನು ಮೇಜಿನ ಮೇಲೆ ಹರಡಿದರು. ಸುಮಾರು ಮೂರು ಸೆಂಟಿಮೀಟರ್ ಅಗಲದ ಈ ಯಂತ್ರಗಳು ಕಂಪನದಿಂದ ಚಲಿಸುತ್ತವೆ, ನೆರೆಯವರೊಂದಿಗೆ ಅವಗೆಂಪು ಬೆಳಕಿನಲ್ಲಿ ಮಾತಾಡುತ್ತವೆ. ರಚಿಸಬೇಕಾದ ಆಕಾರದ ನಕ್ಷೆ ಎಲ್ಲಕ್ಕೂ ಇತ್ತು. ಆದರೆ ಯಾವ ಯಂತ್ರ ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ. ಗುರುತಿಗೆಂದು ಇಟ್ಟ ನಾಲ್ಕು ರೋಬೋಟ್‌ಗಳಿಂದ ಆರಂಭಿಸಿ, ನೆರೆಯವರ ದೂರವನ್ನು ಅಳೆದು, ಗುಂಪಿನ ಅಂಚಿನಗುಂಟ ಸಾಗಿ, ತಮ್ಮ ಜಾಗವನ್ನು ತಾವೇ ಕಂಡುಕೊಂಡವು. ನಕ್ಷತ್ರವೊಂದು ಮೂಡಲು ಸುಮಾರು 12 ಗಂಟೆ ಹಿಡಿಯಿತು. ಕೆಲವು ನಿಧಾನಿಸಿದವು, ಕೆಲವು ದಾರಿ ತಪ್ಪಿದವು. ಆದರೂ ಆಕಾರ ಕೆಡಲಿಲ್ಲ.

ಹುಡುಗಿಯ ಪ್ರೋಗ್ರಾಂ ಪರಿಪೂರ್ಣವೆಂದು ನಾವು ಹೇಳುತ್ತಿಲ್ಲ. ತನಗೆ ಬೇಕಾದ ಆಕಾರವನ್ನು ಅದು ಆರಿಸಿಕೊಳ್ಳಲಾರದು. ಅಲ್ಲದೆ ಪರದೆಯ ಚೌಕಗಳಿಗೆ ಬ್ಯಾಟರಿ ಮುಗಿಯುವುದಿಲ್ಲ, ಮೋಟಾರು ಕೆಡುವುದಿಲ್ಲ. ಆದುದರಿಂದಲೇ ತೀರ್ಪುಗಾರರು ಒಂದು ಸರಳ ಪರೀಕ್ಷೆ ಮಾಡಬೇಕಿತ್ತು: ಹತ್ತರಲ್ಲೊಂದು ಚೌಕ ನಡುದಾರಿಯಲ್ಲಿ ಕೆಟ್ಟು ನಿಲ್ಲುವಂತೆ ಮಾಡಿ ನೋಡುವುದು. ಆಗ ಹುಡುಗನ ನಕ್ಷತ್ರದಲ್ಲಿ ತೂತುಗಳು ಬೀಳುತ್ತಿದ್ದವು. ಹುಡುಗಿಯ ಮರ ತುಸು ಚಿಕ್ಕದಾಗುತ್ತಿತ್ತು, ಆದರೆ ಮರವಾಗಿಯೇ ಇರುತ್ತಿತ್ತು.

ಇದು ಒಂದು ಬಹುಮಾನದ ಪ್ರಶ್ನೆಯಲ್ಲ. ಫಲಿತಾಂಶದ ಅಂದವನ್ನಷ್ಟೇ ನೋಡಿ ಬೆನ್ನು ತಟ್ಟಿದರೆ ನಮ್ಮ ಮಕ್ಕಳು ಕಲಿಯುವುದು ಉತ್ತರವನ್ನು ಮೊದಲೇ ಬರೆದಿಡುವ ವಿದ್ಯೆಯನ್ನು. ರೋಬೋಟ್ ಕಿಟ್‌ಗಳಿಗೆ ದುಬಾರಿ ಹಣ ತೆರಲಾಗದ ಹೆತ್ತವರು ಕೊರಗಬೇಕಾಗಿಲ್ಲ. ಒಂದು ಹಳೆಯ ಕಂಪ್ಯೂಟರ್‌ನಲ್ಲೂ ಈ ಪಾಠ ಸಾಧ್ಯ. ಆದರೆ ಮಗುವಿನ ಪಕ್ಕದಲ್ಲಿ ಕುಳಿತು, "ಎಷ್ಟು ಚೆನ್ನಾಗಿದೆ!" ಎನ್ನುವ ಮೊದಲು, "ಈ ಚೌಕಕ್ಕೆ ಇಲ್ಲಿ ನಿಲ್ಲೆಂದು ಹೇಳಿದವರಾರು?" ಎಂದು ಕೇಳಬೇಕು.

ಆ ಹುಡುಗಿಯನ್ನು ನಾವು ಕೇಳಿದೆವು. "ಯಾರೂ ಹೇಳಿಲ್ಲ, ಪಕ್ಕದ್ದು ನಿಂತಿತ್ತು, ಅದಕ್ಕೇ ನಿಂತಿತು" ಎಂದಳು. ಆ ಉತ್ತರವನ್ನು ಕೇಳುವ ವ್ಯವಧಾನ ತೀರ್ಪುಗಾರರಿಗೆ ಇರಲಿಲ್ಲ. ಮನೆಯಲ್ಲಾದರೂ ಇರಲಿ.