ಕೆಟ್ಟ ಯಂತ್ರ, ಕೆಡದ ಸಂಬಂಧ

ಸೌದೆಯ ಹೊರೆ ಹೊತ್ತು ಮಾರಿ, ಬಂದುದರಲ್ಲಿ ಜಂಗಮದಾಸೋಹ ನಡೆಸಿದ ಮೋಳಿಗೆ ಮಾರಯ್ಯನವರನ್ನು ನಾವೆಲ್ಲರೂ ಬಲ್ಲೆವು. ಅಂದಿನ ಕೊಡಲಿಯ ಕೆಲಸಕ್ಕೆ ಇಂದು ಪೆಟ್ರೋಲಿನ ಗರಗಸ ಬಂದಿದೆ. ಸಲಕರಣೆ ಬದಲಾದರೂ ಅದನ್ನು ಜೋಪಾನ ಮಾಡುವ ಹೊಣೆ ಬದಲಾಗಿಲ್ಲ.

ಕಳೆದ ಬೇಸಿಗೆಯಲ್ಲಿ ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯ ಬಂಧುಗಳ ಮನೆಗೆ ನಾವು ಹೋಗಿದ್ದೆವು. ಆ ಮನೆಯ ಹಿರಿಯ ಮಗ, ಗಾಳಿಗೆ ಬಿದ್ದ ತೆಂಗು, ಒಣಗಿದ ಮರಗಳನ್ನು ಕೊಯ್ದುಕೊಟ್ಟು ಜೀವನ ಸಾಗಿಸುವವನು. ಸಾಲ ಮಾಡಿ ಕೊಂಡ ಗರಗಸ ಯಂತ್ರವನ್ನು ಪಕ್ಕದ ಮನೆಯ ಹುಡುಗ ಎರವಲು ಒಯ್ದು, ಕೆಟ್ಟ ಸ್ಥಿತಿಯಲ್ಲಿ ಹಿಂದಿರುಗಿಸಿದ್ದನು. ಹಗ್ಗ ಎಳೆದರೆ ಅಲುಗದು. ‘ತಾನಾಗಿಯೇ ನಿಂತುಹೋಯಿತು’ ಎಂಬುದಷ್ಟೇ ಅವನ ಉತ್ತರ. ಪಟ್ಟಣದ ದುರಸ್ತಿಯವರು ಇಡೀ ಎಂಜಿನ್ನನ್ನೇ ಬದಲಿಸಬೇಕೆಂದರು. ಎರಡು ಮನೆಗಳ ನಡುವೆ ಮಾತು ನಿಂತು ಹದಿನೈದು ದಿನಗಳಾಗಿದ್ದವು.

ಮನೆಯ ಯಜಮಾನರು ಹರೆಯದಲ್ಲಿ ಜಾವಾ ಬೈಕು ಓಡಿಸಿದವರು. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಆ ಬೈಕುಗಳದ್ದೂ ಗರಗಸದ್ದೂ ಒಂದೇ ಜಾತಿಯ ಟೂ ಸ್ಟ್ರೋಕ್ ಎಂಜಿನ್. ಇದರಲ್ಲಿ ಎಣ್ಣೆಗೆ ಬೇರೆ ಕೋಣೆಯಿಲ್ಲ. ಪೆಟ್ರೋಲಿನೊಡನೆ ಬೆರೆತು ಬಂದ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗಿಗೂ ಆಧಾರ.

ಯಜಮಾನರು ಮೊದಲು ಯಾರನ್ನೂ ದೂರಲಿಲ್ಲ. ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲಿನ ಒಂದು ಹನಿಯನ್ನು ಬಿಳಿಯ ಕಾಗದದ ಮೇಲೆ ಬಿಟ್ಟರು. ಎಣ್ಣೆ ಬೆರೆತಿದ್ದರೆ ಪೆಟ್ರೋಲು ಆರಿದ ಮೇಲೂ ಜಿಡ್ಡಿನ ಕಲೆ ಉಳಿಯಬೇಕು, ಉಳಿಯಲಿಲ್ಲ. ಬಳಿಕ ಸೈಲೆನ್ಸರನ್ನು ಕಳಚಿ ಒಳಗೆ ನೋಡಿದಾಗ ಪಿಸ್ಟನ್ನಿನ ಮೈ ಗೀರುಬಿದ್ದು ಹರಿದಿತ್ತು. ಹುಡುಗನನ್ನು ಕರೆಸಿ, “ಬಾರಪ್ಪ, ಟಾರ್ಚ್ ಹಿಡ್ಕೊ” ಎಂದರು. ಸ್ವಲ್ಪ ಹೊತ್ತಿನಲ್ಲಿ ಅವನೇ, “ದೊಡ್ಡಪ್ಪಾ, ಬೈಕಿನ ಪೆಟ್ರೋಲು ಹಾಕಿದ್ದೆ. ಆಯಿಲ್ ಬೆರೆಸ್ಬೇಕು ಅಂತ ಗೊತ್ತಿರಲಿಲ್ಲ” ಎಂದು ತಲೆತಗ್ಗಿಸಿದನು. ಯಜಮಾನರು ತಮ್ಮ ಮಗನ ಕಡೆ ತಿರುಗಿ, “ಯಂತ್ರ ಕೊಟ್ಟೆಯಲ್ಲ, ಅದರ ವಿಚಾರ ಹೇಳಿದ್ಯಾ?” ಎಂದರು. ಮಗನಲ್ಲಿ ಉತ್ತರವಿರಲಿಲ್ಲ.

ಮುಂದಿನ ಕೆಲಸವನ್ನು ಮೂವರೂ ಕೂಡಿ ಮಾಡಿದರು. ಸಿಲಿಂಡರನ್ನು ಎತ್ತಿದೊಡನೆ ಕೆಳಗಿನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿದರು. ಅದರೊಳಗೆ ಒಂದು ಚೂರು ಬಿದ್ದರೂ ಶ್ರಮ ವ್ಯರ್ಥ. ಹಳೆಯ ಜಾವಾಗಳ ಬೀಡುಕಬ್ಬಿಣದ ಬೋರನ್ನು ಲೇತಿನಲ್ಲಿ ಕೊರೆಸಿ ದೊಡ್ಡ ಪಿಸ್ಟನ್ ಹಾಕಬಹುದಿತ್ತು. ಗರಗಸದ ಅಲ್ಯೂಮಿನಿಯಂ ಸಿಲಿಂಡರಿಗೆ ಸಾಮಾನ್ಯವಾಗಿ ಒಳಗೆ ನಿಕ್ಕಲ್ ಅಥವಾ ಕ್ರೋಮಿಯಂನ ಗಟ್ಟಿ ಲೇಪವಿರುವುದರಿಂದ ಹಾಗೆ ಕೊರೆಸಲಾಗದು. ಲೇಪ ಕಿತ್ತುಬಂದಿದ್ದರೆ ಸಿಲಿಂಡರನ್ನೇ ಬದಲಿಸಬೇಕು. ಇಲ್ಲಿ ಲೇಪ ಉಳಿದಿತ್ತು. ಪಿಸ್ಟನ್ನಿನ ಅಲ್ಯೂಮಿನಿಯಂ ಮಾತ್ರ ಅದರ ಮೇಲೆ ಮೆತ್ತಿಕೊಂಡಿತ್ತು. ನಯವಾದ ಎಮರಿ ಕಾಗದದಿಂದ ತಾಳ್ಮೆಯಿಂದ ಉಜ್ಜಿ, ಉಗುರಿಗೆ ತಡೆಯದಂತಾದ ಮೇಲೆ ತೊಳೆದರು. ಬಟ್ಟೆ ತೆಗೆದು ಎಂಜಿನ್ನಿನ ಒಳಭಾಗದಲ್ಲಿದ್ದ ಲೋಹದ ಪುಡಿಯನ್ನೂ ತೊಳೆದು, ಬೇರಿಂಗು ಸಲೀಸಾಗಿ ತಿರುಗುವುದನ್ನೂ ಕಾರ್ಬೊರೇಟರಿನ ರಬ್ಬರು, ಆಯಿಲ್ ಸೀಲುಗಳು ಸೀಳಿಲ್ಲದಿರುವುದನ್ನೂ ಪರೀಕ್ಷಿಸಿದರು. ಅಲ್ಲಿ ಗಾಳಿ ಸೋರಿದರೆ ಹೊಸ ಪಿಸ್ಟನ್ನೂ ಹಾಗೆಯೇ ಸುಡುತ್ತದೆ.

ಹುಡುಗ ತನ್ನ ಹಣದಲ್ಲಿ ಪಿಸ್ಟನ್, ರಿಂಗು, ಲಾಕುಗಳನ್ನು ತಂದನು. ಪಿಸ್ಟನ್ನಿನ ನೆತ್ತಿಯ ಮೇಲಿನ ಬಾಣದ ಗುರುತು ಸೈಲೆನ್ಸರಿನ ಕಡೆಗಿರಬೇಕು. ರಿಂಗಿನ ಎರಡು ತುದಿಗಳು ಗಾಡಿಯಲ್ಲಿರುವ ಸಣ್ಣ ಮೊಳೆಯ ಇಬ್ಬದಿಗೆ ಕೂರಬೇಕು. ಪಿನ್ನಿನ ಲಾಕುಗಳನ್ನು ಹಳೆಯದನ್ನೇ ಮರಳಿ ಹಾಕಬಾರದು. ಎಲ್ಲಕ್ಕೂ ಎಣ್ಣೆ ಸವರಿ ಜೋಡಿಸಿದರು. ತಯಾರಕರು ಹೇಳಿದ್ದು 50ಕ್ಕೆ 1ರ ಪ್ರಮಾಣವಾದ್ದರಿಂದ, 1 ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಟೂ ಸ್ಟ್ರೋಕ್ ಎಣ್ಣೆ ಅಳೆದು ಬೆರೆಸಿದರು. 25ಕ್ಕೆ 1 ಎಂದಿರುವ ಯಂತ್ರಕ್ಕೆ 40 ಮಿಲಿಲೀಟರ್ ಬೇಕು. ನಾಲ್ಕಾರು ಸಲ ಹಗ್ಗ ಎಳೆದಾಗ ಯಂತ್ರ ಹೊಗೆಯುಗುಳಿ ಮಾತಾಡಿತು. ಮೊದಲ ಟ್ಯಾಂಕು ಮುಗಿಯುವವರೆಗೂ ದಪ್ಪ ಮರಕ್ಕೆ ಹಚ್ಚಲಿಲ್ಲ.

ಅಂದು ಸಂಜೆ ಹುಡುಗನ ತಾಯಿ ಒಂದು ಗೊನೆ ಬಾಳೆಹಣ್ಣು ತಂದು ಜಗುಲಿಯಲ್ಲಿಟ್ಟರು. ಮನೆಯೊಡತಿ ಅವರನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಯಂತ್ರದ ಪಕ್ಕದಲ್ಲಿ ಈಗ ಅಳತೆಯ ಗೆರೆ ಎಳೆದ ಒಂದು ಬಾಟಲಿ ತೂಗುತ್ತಿದೆ.

ಓದುಗ ಬಂಧುಗಳೇ, ನಮ್ಮ ಮನೆಗಳಲ್ಲಿ ಎರವಲು ಕೊಡುವ ಪದ್ಧತಿ ಇಂದಿಗೂ ಇದೆ. ಅದು ನಿಲ್ಲುವುದು ಬೇಡ. ಸಲಕರಣೆಯೊಡನೆ ಅದರ ತಿಳಿವಳಿಕೆಯನ್ನೂ ಕೊಡೋಣ. ಕೆಡಿಸಿದವರು ಮುಚ್ಚಿಡದಿರಲಿ, ಕೊಟ್ಟವರು ಬೈಯುವ ಮೊದಲು ಬಿಚ್ಚಿ ನೋಡಲಿ.