ದೋಣಿಯಲ್ಲಿ ಕುಳಿತ ಕ್ಯಾಮೆರಾಗೂ ಒಂದು ಗೆರೆ ಬೇಕು

ಶಹಾಪುರ ತಾಲ್ಲೂಕಿನ ವನದುರ್ಗದಲ್ಲಿ ನನ್ನ ಬಂಧುಗಳ ಮನೆಯಿದೆ. ಸುರಪುರದ ನಾಯಕರ ಕಾಲದ ಕೋಟೆಯುಳ್ಳ ಆ ಊರಿಗೆ ಚಳಿಗಾಲದಲ್ಲಿ ಹೋದಾಗಲೆಲ್ಲ ಕಾರಿನ ಡಿಕ್ಕಿಯಲ್ಲಿ ಒಂದು ಕಯಾಕ್ ಇಟ್ಟುಕೊಂಡು ಹೋಗುವುದು ನನ್ನ ರೂಢಿ. ಗಾಳಿ ತುಂಬಿಸಿದರೆ ದೋಣಿ, ಗಾಳಿ ತೆಗೆದರೆ ಹಾಸಿಗೆಯಂತೆ ಮಡಚಬಹುದಾದ ಚೀಲ. ಕೆಲವು ವರ್ಷಗಳ ಹಿಂದೆ ಅದರಲ್ಲಿ ಕುಳಿತು ನಾನು ತೆಗೆದ ಒಂದು ಚಿತ್ರವನ್ನು ನೋಡಿದವರೆಲ್ಲ ಮೆಚ್ಚಿಕೊಂಡರು. ಬೆಳಗಿನ ಹೊಂಬಿಸಿಲಿನಲ್ಲಿ ನೂರಾರು ಪಟ್ಟೆತಲೆ ಹೆಬ್ಬಾತುಗಳು ಒಮ್ಮೆಗೇ ನೀರಿನಿಂದ ಮೇಲೇಳುತ್ತಿರುವ ಚಿತ್ರವದು. ಆ ಚಿತ್ರವನ್ನು ನಾನೀಗ ಯಾರಿಗೂ ತೋರಿಸುವುದಿಲ್ಲ. ಅದಕ್ಕೆ ಕಾರಣ ಅಂದು ಕೆರೆಯಲ್ಲಿ ಬಲೆ ಎತ್ತುತ್ತಿದ್ದ ಒಬ್ಬ ಹಿರಿಯ ಮೀನುಗಾರರ ಒಂದು ಮಾತು.

ಆ ಮಾತಿಗೆ ಬರುವ ಮೊದಲು, ಕಯಾಕ್ ಏಕೆ ಎಂಬುದನ್ನು ಹೇಳಬೇಕು. ಏರಿಯ ಮೇಲೆ ನಿಂತು ತೆಗೆದ ಚಿತ್ರದಲ್ಲಿ ಹಕ್ಕಿಯ ಬೆನ್ನು ಕಾಣುತ್ತದೆ, ಸುತ್ತ ಬರೀ ನೀರು. ಕಯಾಕ್‌ನಲ್ಲಿ ಕುಳಿತವನ ಕ್ಯಾಮೆರಾ ನೀರಿಗೆ ಒಂದೆರಡು ಅಡಿಗಳಷ್ಟೇ ಮೇಲಿರುತ್ತದೆ. ಹಿನ್ನೆಲೆ ದೂರ ಸರಿಯುತ್ತದೆ, ಹಕ್ಕಿ ತನ್ನ ಲೋಕದಲ್ಲಿ ತಾನಿರುವಂತೆ ಎದುರಾಗುತ್ತದೆ. ಎಂಜಿನ್ನಿನ ಸದ್ದಿಲ್ಲ, ಹೊಗೆಯಿಲ್ಲ. ಗೇಣುದ್ದದ ನೀರಿನಲ್ಲಿಯೂ ಜೊಂಡಿನ ಅಂಚಿನಲ್ಲಿ ಅದು ತೇಲಬಲ್ಲದು. ಮಿಗಿಲಾಗಿ, ಎದ್ದು ನಿಂತ ಮನುಷ್ಯನ ಆಕೃತಿಗೆ ಬೆದರುವ ಹಕ್ಕಿಗಳು ತಗ್ಗಿ ಕುಳಿತು ತೇಲಿಬರುವವನನ್ನು ಬಹುಹೊತ್ತು ಸಹಿಸಿಕೊಳ್ಳುತ್ತವೆ. ಹುಟ್ಟನ್ನು ಮಡಿಲಲ್ಲಿಟ್ಟು ಗಾಳಿಗೆ ದೋಣಿಯನ್ನು ಬಿಟ್ಟುಬಿಟ್ಟರೆ ನೇರಳೆ ಜಂಬುಕೋಳಿ ಜೊಂಡಿನ ದಂಟನ್ನು ಕಾಲಲ್ಲಿ ಹಿಡಿದು ತಿನ್ನುವುದನ್ನು ಕಣ್ತುಂಬ ನೋಡಬಹುದು.

ಆದರೆ ಇದೇ ಗುಣದಲ್ಲಿ ಅಪಾಯವೂ ಅಡಗಿದೆ. ಕಯಾಕ್ ಮೂಲತಃ ವಿಹಾರದ ದೋಣಿಯಲ್ಲ. ಆರ್ಕ್‌ಟಿಕ್ ತೀರದ ಇನುಯಿಟ್ ಜನ ಸೀಲ್‌ಗಳ ಬಳಿಗೆ ಸದ್ದಿಲ್ಲದೆ ಸಾಗಿ ಈಟಿ ಎಸೆಯಲು ರೂಪಿಸಿಕೊಂಡ ಬೇಟೆಯ ಸಾಧನ ಅದು. ವನ್ಯಜೀವಿ ಛಾಯಾಗ್ರಹಣದ ಹುಟ್ಟಿಗೂ ಇದೇ ನಂಟಿದೆ. ಅಮೆರಿಕದ ಜಾರ್ಜ್ ಶೈರಸ್ ಎಂಬ ವಕೀಲ ದೋಣಿಯ ಮುಂಭಾಗದಲ್ಲಿ ದೀಪವಿಟ್ಟು ರಾತ್ರಿ ಜಿಂಕೆಗಳನ್ನು ಹೊಡೆಯುತ್ತಿದ್ದವನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆತ ಅದೇ ದೋಣಿಯಲ್ಲಿ, ಅದೇ ದೀಪದೊಡನೆ, ಬಂದೂಕದ ಬದಲು ಕ್ಯಾಮೆರಾ ಹಿಡಿದ. 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಪ್ರಕಟಿಸಿದ ಆ ಚಿತ್ರಗಳು ಜಗತ್ತನ್ನೇ ಬೆರಗುಗೊಳಿಸಿದವು. ಗಮನಿಸಬೇಕಾದ ಸಂಗತಿಯೆಂದರೆ, ವಲಸೆ ಹಕ್ಕಿಗಳಿಗೆ ರಾಷ್ಟ್ರಮಟ್ಟದ ರಕ್ಷಣೆ ಬೇಕೆಂದು 1904ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಮಸೂದೆ ಮಂಡಿಸಿದವನೂ ಆತನೇ. ಬೇಟೆಯ ಉಪಾಯವನ್ನು ಉಳಿಸಿಕೊಂಡವನು ಬೇಟೆಗೆ ಒಂದು ಮಿತಿ ಬೇಕೆಂಬುದನ್ನೂ ಕಂಡುಕೊಂಡಿದ್ದ. ನಮ್ಮಲ್ಲಿ ಉಪಾಯ ಬಂದಿದೆ; ಮಿತಿಯ ವಿವೇಕ ಇನ್ನೂ ಬರಬೇಕಿದೆ.

ನನ್ನ ವಿಷಯದಲ್ಲಂತೂ ಅದು ಬಂದಿರಲಿಲ್ಲ. ಅಂದು ಹೆಬ್ಬಾತುಗಳು ಕೆರೆಯ ನಡುವೆ ಕುತ್ತಿಗೆ ಮಡಚಿ ವಿಶ್ರಮಿಸುತ್ತಿದ್ದವು. ಮೊದಲು ಒಂದೆರಡು ಹಕ್ಕಿಗಳು ತಲೆಯೆತ್ತಿದವು, ಆಮೇಲೆ ಎಲ್ಲವೂ. ಅದು ಎಚ್ಚರಿಕೆಯೆಂದು ತಿಳಿದೂ ನಾನು ಇನ್ನೆರಡು ಬಾರಿ ಹುಟ್ಟು ಹಾಕಿದೆ. ಹಿಂಡು ಎದ್ದಿತು, ನನಗೆ ಚಿತ್ರ ಸಿಕ್ಕಿತು. ದಡಕ್ಕೆ ಮರಳುವಾಗ ಹರಿಗೋಲಿನಲ್ಲಿದ್ದ ಆ ಹಿರಿಯರು, "ಫೋಟೋ ಆತೇನ್ರೀ ಸಾಹೇಬ್ರ? ರಾತ್ರಿಯೆಲ್ಲ ಹೊಲದಾಗ ಮೇಯ್ದು ಬಂದು ಈಗ ಕುಂತಿದ್ವು. ಇನ್ನ ಸಂಜೀತನಕ ಈ ಕಡಿ ಬರಂಗಿಲ್ಲ ನೋಡ್ರಿ" ಎಂದರು. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಅದಕ್ಕೇ ಆ ಮಾತು ಹೆಚ್ಚು ನಾಟಿತು.

ಪಟ್ಟೆತಲೆ ಹೆಬ್ಬಾತು ಟಿಬೆಟ್, ಮಂಗೋಲಿಯಾಗಳಿಂದ ಹಿಮಾಲಯವನ್ನು ದಾಟಿ ನಮ್ಮ ಬಯಲುಸೀಮೆಯ ಕೆರೆಗಳಿಗೆ ಬರುವ ಹಕ್ಕಿ. ಉಪಗ್ರಹದ ನೆರವಿನಿಂದ ಅದರ ಹಾರಾಟವನ್ನು ಅಳೆದ ವಿಜ್ಞಾನಿಗಳು ಅದು ಏಳು ಸಾವಿರ ಮೀಟರಿಗೂ ಮೇಲೆ ಏರಿದ್ದನ್ನು ದಾಖಲಿಸಿದ್ದಾರೆ. ಅಷ್ಟು ದೂರದಿಂದ ಬಂದದ್ದು ಇಲ್ಲಿ ಮೇಯಲು, ದಣಿವಾರಿಸಿಕೊಳ್ಳಲು, ಮರುಪಯಣಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಲು. ಅನಗತ್ಯವಾಗಿ ಎಬ್ಬಿಸಿದ ಪ್ರತಿಯೊಂದು ಹಾರಾಟವೂ ಆ ಗಂಟಿನಿಂದ ಕಳೆದ ಹಣ. ಇಲ್ಲಿಯೇ ಮರಿ ಮಾಡುವ ಹಕ್ಕಿಗಳಿಗೆ ನಷ್ಟ ಇನ್ನೂ ನೇರ. ಗುಳುಮುಳುಕ ನೀರಿನ ಸಸ್ಯಗಳ ಮೇಲೆ ತೇಲುವ ಗೂಡು ಕಟ್ಟುತ್ತದೆ. ಗೂಡು ಬಿಡುವಾಗ ಮೊಟ್ಟೆಗಳನ್ನು ಹಸಿ ಎಲೆಗಳಿಂದ ಮುಚ್ಚಿಹೋಗುವುದು ಅದರ ಪದ್ಧತಿ. ದೋಣಿ ಹಠಾತ್ತನೆ ಮೇಲೆ ಬಂದರೆ ಮುಚ್ಚಲು ವ್ಯವಧಾನವೆಲ್ಲಿ? ಮೊಟ್ಟೆಗಳು ಬಿಸಿಲಿಗೂ ಕಾಗೆಗಳಿಗೂ ತೆರೆದುಕೊಳ್ಳುತ್ತವೆ.

ನಮ್ಮ ಕಾನೂನು ಈ ಸೂಕ್ಷ್ಮವನ್ನು ಬಹಳ ಹಿಂದೆಯೇ ಅರಿತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆ ಎಂಬ ಪದಕ್ಕೆ ನೀಡುವ ಅರ್ಥದಲ್ಲಿ ಕೊಲ್ಲುವುದು ಮಾತ್ರವಲ್ಲ, ಪ್ರಾಣಿಯನ್ನು ಅಟ್ಟುವುದು, ಆಮಿಷವೊಡ್ಡುವುದು, ಹಕ್ಕಿಗಳ ಮೊಟ್ಟೆ ಹಾಗೂ ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ನನ್ನ ಆ ಬೆಳಗಿನ ತಪ್ಪು ನ್ಯಾಯಾಲಯದ ಮೆಟ್ಟಿಲೇರುವಂಥದ್ದಲ್ಲದಿರಬಹುದು. ಆದರೆ ಕೈಯಲ್ಲಿ ಬಂದೂಕವಿಲ್ಲದ ಮಾತ್ರಕ್ಕೆ ನಾನು ಬೇಟೆಗಾರನಲ್ಲವೆಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ.

ಈ ವಿಚಾರ ಈಗ ಏಕೆ? 2022ರಲ್ಲಿ ರಂಗನತಿಟ್ಟು ರಾಮ್ಸಾರ್ ಪಟ್ಟಿಗೆ ಸೇರಿತು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಗಳಿಗೂ ಆ ಮನ್ನಣೆ ದೊರೆಯಿತು. ಬಯಲುಸೀಮೆಯ ನೀರಾವರಿ ಕೆರೆಗಳು ಜಗತ್ತಿನ ಕಣ್ಣಿಗೆ ಬೀಳುತ್ತಿರುವುದು ಹೆಮ್ಮೆಯ ವಿಷಯ. ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮದ ಸರದಿಯೂ ನಾಳೆ ಬರಬಹುದು. ಅದರ ಬೆನ್ನಿಗೇ ಕ್ಯಾಮೆರಾಗಳು ಬರುತ್ತವೆ, ಜಲಕ್ರೀಡೆಯ ಪ್ರಸ್ತಾವಗಳೂ ಬರುತ್ತವೆ. ದಾಂಡೇಲಿಯ ಕಾಳಿ ನದಿಯಲ್ಲಿ ಕಯಾಕ್ ಒಗ್ಗಿತೆಂದು ಬೋನಾಳದ ತಗ್ಗು ನೀರಿಗೂ ಒಗ್ಗುತ್ತದೆಂದು ಭಾವಿಸಬಾರದು. ಹರಿಯುವ ನದಿಯಲ್ಲಿ ದೋಣಿ ಮುಂದೆ ಸಾಗಿಹೋಗುತ್ತದೆ. ಕೆರೆಯಲ್ಲಿ ಅದು ಹಕ್ಕಿಗಳ ಸುತ್ತಲೇ ಸುತ್ತುತ್ತಿರುತ್ತದೆ.

ಹಾಗೆಂದು ದೋಣಿಗಳನ್ನೇ ನಿಷೇಧಿಸಿ ಎಂಬುದು ನನ್ನ ವಾದವಲ್ಲ. ರಂಗನತಿಟ್ಟಿನಲ್ಲಿ ಹುಟ್ಟು ಹಾಕುವ ದೋಣಿಗಳು ಅರಣ್ಯ ಇಲಾಖೆಯ ಉಸ್ತುವಾರಿಯಲ್ಲಿ ಸಾಗುತ್ತವೆ. ಎಲ್ಲಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಪ್ರವಾಸಿಯ ಇಚ್ಛೆಗೆ ಬಿಟ್ಟಿದ್ದಲ್ಲ. ನಮ್ಮ ಕೆರೆಗಳಿಗೂ ಇಂಥದೇ ಸರಳ ಕಟ್ಟಳೆ ಸಾಕು. ಹಕ್ಕಿಗಳು ತಂಗುವ, ಗೂಡುಕಟ್ಟುವ ಜಾಗಗಳ ಸುತ್ತ ತೇಲುಬುರುಡೆಗಳ ಗೆರೆಯೊಂದನ್ನು ಹಾಕಿ, ಅದರಾಚೆ ಯಾವ ದೋಣಿಗೂ ಪ್ರವೇಶವಿಲ್ಲವೆನ್ನಬೇಕು. ಯಂತ್ರದೋಣಿ ಮತ್ತು ಡ್ರೋನ್‌ಗಳನ್ನು ದೂರವಿಡಬೇಕು. ಒಂದು ಹೊತ್ತಿಗೆ ಎರಡೋ ಮೂರೋ ದೋಣಿಗಳಷ್ಟೇ ಇರಲಿ. ಪ್ರತಿ ಛಾಯಾಗ್ರಾಹಕನೊಡನೆ ಊರಿನ ಒಬ್ಬ ಮೀನುಗಾರ ಸಂಭಾವನೆ ಪಡೆದು ಬರಲಿ. ಹಕ್ಕಿ ಯಾವಾಗ ಬೆದರುತ್ತದೆಂಬುದು ನಮ್ಮ ಲೆನ್ಸಿಗಿಂತ ಅವನ ಕಣ್ಣಿಗೆ ಮೊದಲು ತಿಳಿಯುತ್ತದೆ. ಕೆರೆ ಅವನದು, ಆ ನೀರನ್ನು ಬಳಸುವ ರೈತನದು, ನಾವು ಅತಿಥಿಗಳು.

ಇದರ ಅರ್ಧ ಹೊಣೆ ಛಾಯಾಗ್ರಾಹಕರ ಬಳಗದ್ದು. ಗೂಡಿನ ಚಿತ್ರಗಳನ್ನೂ, ಬೆದರಿ ಎದ್ದ ಹಿಂಡಿನ ಚಿತ್ರಗಳನ್ನೂ ಸ್ಪರ್ಧೆಗಳು ಪುರಸ್ಕರಿಸುವುದನ್ನು ಬಿಟ್ಟರೆ ಅವುಗಳನ್ನು ತೆಗೆಯುವ ಆತುರವೂ ತಾನಾಗಿ ತಗ್ಗುತ್ತದೆ. ಹಾರುವ ಹಕ್ಕಿಯ ಚಿತ್ರವೆಲ್ಲ ತಪ್ಪಲ್ಲ. ಆದರೆ ಅದು ತನ್ನಿಚ್ಛೆಯಿಂದ ಹಾರಿತೋ, ನಮ್ಮಿಂದ ಹಾರಿತೋ ಎಂದು ಕೇಳುವ ತೀರ್ಪುಗಾರರು ಬೇಕು. ಸ್ಥಳದ ಹೆಸರನ್ನು ಸಾರಿ ಹೇಳುವ ಚಪಲವನ್ನೂ ಬಿಡಬೇಕು. ನಾನು ಹೋಗುವ ಕೆರೆಯ ಹೆಸರನ್ನು ಈ ಲೇಖನದಲ್ಲಿ ಎಲ್ಲಿಯೂ ಹೇಳದಿರುವುದು ಅದಕ್ಕಾಗಿಯೇ.

ಕಳೆದ ಚಳಿಗಾಲದಲ್ಲಿ ಮತ್ತೆ ಆ ಕೆರೆಗೆ ಹೋಗಿದ್ದೆ. ಈ ಬಾರಿ ಕಯಾಕ್ ಡಿಕ್ಕಿಯಲ್ಲೇ ಉಳಿಯಿತು. ಅದೇ ಹಿರಿಯರ ಹರಿಗೋಲಿನಲ್ಲಿ ಕುಳಿತೆ. ಒಂದು ಹೆಬ್ಬಾತು ತಲೆಯೆತ್ತಿದೊಡನೆ ಅವರು ಹುಟ್ಟನ್ನು ನಿಲ್ಲಿಸಿ, "ಇಷ್ಟ ಸಾಕ್ರಿ" ಎಂದರು. ಹಕ್ಕಿಗಳು ಚಿತ್ರದಲ್ಲಿ ಬಹಳ ಚಿಕ್ಕದಾಗಿ ಮೂಡಿವೆ. ನಾವು ಹಿಂತಿರುಗಿದಾಗಲೂ ಅವು ಅಲ್ಲಿಯೇ ಕುಳಿತಿದ್ದವು.