ಕೂಸಿನ ಹೆಸರಲ್ಲಿ ಒಂದು ಗಾಡಿ

ನೀಲ್ ಪಿಯರ್ಟ್ ಕೆನಡಾದ ‘ರಶ್’ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದವರು. 1997ರ ಆಗಸ್ಟಿನಲ್ಲಿ ಅವರ ಹತ್ತೊಂಬತ್ತರ ಮಗಳು ಕಾರು ಅಪಘಾತದಲ್ಲಿ ತೀರಿಕೊಂಡಳು. ವರ್ಷ ತುಂಬುವ ಮೊದಲೇ ಹೆಂಡತಿಯೂ ಹೋದರು. ಮರುವರ್ಷದ ಆಗಸ್ಟಿನಲ್ಲಿ ಮೋಟರ್‌ಸೈಕಲ್ ಏರಿ ಒಬ್ಬರೇ ಮನೆ ಬಿಟ್ಟರು. ಸುಮಾರು 88,000 ಕಿಲೋಮೀಟರ್ ಸುತ್ತಿದರು. 2002ರಲ್ಲಿ ಬಂದ ‘ಘೋಸ್ಟ್ ರೈಡರ್’ ಆ ಅಲೆದಾಟದ ಪುಸ್ತಕ. ಅದಕ್ಕೂ ಮುಂಚೆ, ಮಗಳು ಇನ್ನೂ ಇದ್ದಾಗ, ಆಫ್ರಿಕಾದ ಕ್ಯಾಮರೂನಿನ ಹಳ್ಳಿದಾರಿಗಳಲ್ಲಿ ಸೈಕಲ್ ತುಳಿದು ಇನ್ನೊಂದು ಪುಸ್ತಕ ಬರೆದಿದ್ದರು. ಗಾಡಿ ಓಡುತ್ತಿದ್ದರೆ ಮಾತ್ರ ಒಳಗಿನ ಜೀವ ಸುಮ್ಮನಿರುತ್ತಿತ್ತು ಎಂಬುದು ಅವರ ಅನುಭವ. ರಾತ್ರಿ ಅಳುವ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಅಂಗಳದ ತುಂಬ ತಿರುಗಾಡುವ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಕಡೆ ಕೂಸು ಕಳೆದುಕೊಂಡವರು ಹೀಗೆ ಹೊರಡುವುದಿಲ್ಲ. ಹೊರಡಲು ಆಗುವುದೂ ಇಲ್ಲ. ದಿನ ಮುಗಿಸಿ ಹೊಲಕ್ಕೆ ಹೋಗಲೇಬೇಕು, ಎತ್ತಿಗೆ ಮೇವು ಹಾಕಲೇಬೇಕು. ಇಲ್ಲಿನ ಹೆಣ್ಣುಮಕ್ಕಳು ತಮ್ಮ ಸಂಕಟವನ್ನು ಬೀಸುವ ಕಲ್ಲಿನ ಮುಂದೆ ಹಾಡಿಕೊಂಡರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಆ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದ್ದರಿಂದ ಅವು ಇಂದಿಗೂ ಓದಲು ಸಿಗುತ್ತವೆ. ಬೀಸುವ ಕಲ್ಲು ಈಗ ಮೂಲೆ ಸೇರಿದೆ. ಸಂಕಟ ಮಾತ್ರ ಎಲ್ಲಿಗೂ ಹೋಗಿಲ್ಲ.

2014ರ ಜೂನಿನಲ್ಲಿ ವಿಜಯಪುರ ಸಮೀಪದ ನಾಗಠಾಣದಲ್ಲಿ ನಾಲ್ಕು ವರ್ಷದ ಹುಡುಗಿ ತೆರೆದ ಕೊಳವೆ ಬಾವಿಗೆ ಬಿದ್ದಳು. ಬದುಕಿ ಮೇಲೆ ಬರಲಿಲ್ಲ. ಹತ್ತು ವರ್ಷದ ಮೇಲೆ, 2024ರ ಏಪ್ರಿಲ್ 3ರ ಸಂಜೆ, ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಗಂಡುಕೂಸು ತಲೆಕೆಳಗಾಗಿ ಬೋರಿನೊಳಗೆ ಜಾರಿತು. ಪಕ್ಕದಲ್ಲಿ ಕುಣಿ ತೋಡುತ್ತ ಹೋದರೆ ಬಂಡೆ ಅಡ್ಡ ಬಂತು. ಇಡೀ ರಾತ್ರಿ ಊರು ಕಣ್ಣು ಮುಚ್ಚಲಿಲ್ಲ. ಸುಮಾರು 20 ಗಂಟೆಯ ಮೇಲೆ ಕೂಸು ಜೀವಂತ ಹೊರಬಂದಾಗ ನಾಡೇ ಉಸಿರು ಬಿಟ್ಟಿತು. ಎಲ್ಲರಿಗೂ ಆ ಭಾಗ್ಯವಿಲ್ಲ. 2022ರ ಫೆಬ್ರುವರಿಯಲ್ಲಿ ಆಫ್ರಿಕಾದ ಉತ್ತರ ತುದಿಯ ಮೊರಾಕೊದಲ್ಲಿ, ಇಘ್ರಾನ್ ಎಂಬ ಗುಡ್ಡದೂರಲ್ಲಿ, ಐದು ವರ್ಷದ ಹುಡುಗ 32 ಮೀಟರ್ ಆಳದ ಒಣಬಾವಿಗೆ ಬಿದ್ದ. ಗುಡ್ಡವನ್ನೇ ಕಡಿದು ಐದನೆಯ ದಿನ ತಲುಪಿದರು. ಹುಡುಗ ಉಳಿದಿರಲಿಲ್ಲ. ಆ ಊರಿನ ಹೆಸರು ಕೇಳದವರೂ ನಮ್ಮ ಹಳ್ಳಿಗಳಲ್ಲಿ ಮೊಬೈಲ್ ಹಿಡಿದು ಆ ಹುಡುಗನಿಗಾಗಿ ಕಾದು ಕುಳಿತಿದ್ದರು.

ನಮ್ಮಲ್ಲಿ ಈ ಕುಣಿ ಹೇಗೆ ಹುಟ್ಟುತ್ತದೆ ಎಂಬುದು ರೈತರಿಗೆ ಚೆನ್ನಾಗಿ ಗೊತ್ತು. ಲಿಂಬೆಗಿಡ ಒಣಗುತ್ತದೆ, ಸಾಲ ತಂದು ಬೋರ್ ಹೊಡೆಸುತ್ತಾರೆ, ನೀರು ಬೀಳುವುದಿಲ್ಲ. ಕೇಸಿಂಗ್ ಪೈಪಿಗೆ ಸುರಿದ ದುಡ್ಡಾದರೂ ಉಳಿಯಲೆಂದು ಅದನ್ನು ಕಿತ್ತು ಮುಂದಿನ ಬೋರಿಗೆ ಒಯ್ಯುತ್ತಾರೆ. ಪೈಪು ಹೋದಮೇಲೆ ಮೇಲಿನ ಮಣ್ಣು ಕುಸಿದು ಬಾಯಿ ಅಗಲವಾಗುತ್ತದೆ. ಮೇಲೊಂದು ಗೋಣಿಚೀಲ, ಅದರ ಮೇಲೊಂದು ಕಲ್ಲು. ಮಳೆಗಾಲ ಬಂದು ಹುಲ್ಲು ಬೆಳೆದರೆ ಅಲ್ಲಿ ಬೋರ್ ಇತ್ತೆಂಬುದೂ ಮರೆತುಹೋಗುತ್ತದೆ. ಇದನ್ನು ಬರಿಯ ಅಲಕ್ಷ್ಯ ಎಂದು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಮೂರು ಬೋರ್ ಹೊಡೆಸಿ ಸೋತವನು ನಾಲ್ಕನೆಯದಕ್ಕೆ ಹಣ ಹೊಂದಿಸುವ ಚಿಂತೆಯಲ್ಲಿರುತ್ತಾನೆ. ಹಾಗೆಂದು ಕುಣಿಯನ್ನು ಹಾಗೇ ಬಿಡುವಂತಿಲ್ಲ. ಬೋರ್ ಹೊಡೆಸುವ 15 ದಿನ ಮೊದಲೇ ತಿಳಿಸಬೇಕು, ಸುತ್ತ ತಂತಿಬೇಲಿ ಹಾಕಬೇಕು, ಬಾಯಿಗೆ ಮುಚ್ಚಳ ಬಿಗಿಯಬೇಕು, ಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು ಕಲ್ಲು ತುಂಬಿ ಮುಚ್ಚಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2010ರಲ್ಲಿ. ನಾಗಠಾಣದ ಹುಡುಗಿ ಹೋದದ್ದು ಅದರ ನಾಲ್ಕು ವರ್ಷದ ಮೇಲೆ.

ಮುಂಬೈಯಲ್ಲಿ ದಾದಾರಾವ್ ಬಿಲ್ಹೋರೆ ಎಂಬ ತರಕಾರಿ ವ್ಯಾಪಾರಿ ಇದ್ದಾರೆ. 2015ರ ಮಳೆಗಾಲದಲ್ಲಿ ಅವರ ಹದಿನಾರರ ಮಗ ಬೈಕಿನ ಹಿಂದೆ ಕುಳಿತು ಬರುವಾಗ ರಸ್ತೆಯ ಗುಂಡಿಯಿಂದಾಗಿ ಸತ್ತ. ತಂದೆ ಅಂದಿನಿಂದ ಕಲ್ಲು, ಮರಳು ಹೊತ್ತುತಂದು ತಮ್ಮ ಕೈಯಾರೆ ನಗರದ ಗುಂಡಿಗಳನ್ನು ಮುಚ್ಚುತ್ತ ಬಂದಿದ್ದಾರೆ. ಪಿಯರ್ಟ್ ಅವರ ದಾರಿ ಅವರ ಜೀವ ಉಳಿಸಿತು, ಅದು ಸಣ್ಣದಲ್ಲ. ಆದರೂ ನನಗೆ ಬಿಲ್ಹೋರೆಯವರ ದಾರಿಯೇ ಹತ್ತಿರ. ಮಗನನ್ನು ಒಯ್ದ ಗುಂಡಿ ಬೇರೆಯವರ ಮಗನಿಗಾಗಿ ಕಾಯಬಾರದು ಎಂಬ ಹಟ ಅದರಲ್ಲಿದೆ. ನಮ್ಮ ಜಿಲ್ಲೆಯ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ದೇಹ ಬಿಡುವ ಎಷ್ಟೋ ಮೊದಲೇ ತಮಗೆ ಸ್ಮಾರಕ ಕಟ್ಟಬೇಡಿ ಎಂದು ಬರೆದಿಟ್ಟಿದ್ದರು. ಅಂಥವರು ನಡೆದಾಡಿದ ನೆಲದಲ್ಲಿ ಸತ್ತ ಕೂಸಿನ ನೆನಪಿಗೆ ಕಲ್ಲು ನಿಲ್ಲಿಸುವ ಮಾತು ನನಗೆ ಹೊಂದುವುದಿಲ್ಲ.

ಅದಕ್ಕೇ ಈ ಸಂಚಿಕೆಯಲ್ಲಿ ಒಂದು ಬೇಡಿಕೆ. ನಾಲ್ಕು ತಾಲ್ಲೂಕಿನ ಓದುಗರಲ್ಲಿ ಯಾರಾದರೂ ಒಬ್ಬರು, ಒಂದು ಗಾಡಿ ತೆಗೆದುಕೊಂಡು, ಅಗಲಿದ ಕೂಸಿನ ಹೆಸರಲ್ಲಿ ಹೊರಡಿ. ಬೈಕ್ ಎಷ್ಟು ದೂರದ ಜೀವ ಮುಟ್ಟಬಲ್ಲದು ಎಂಬುದಕ್ಕೆ ಆಫ್ರಿಕಾದ ಸಾಕ್ಷಿಯೇ ಇದೆ. ಬ್ಯಾರಿ ಮತ್ತು ಆಂಡ್ರಿಯಾ ಕೋಲ್ಮನ್ ದಂಪತಿ ಕಟ್ಟಿದ ‘ರೈಡರ್ಸ್ ಫಾರ್ ಹೆಲ್ತ್’ ಲೆಸೊಥೊ, ಗ್ಯಾಂಬಿಯಾಗಳಲ್ಲಿ ಆರೋಗ್ಯ ಕಾರ್ಯಕರ್ತರ ಬೈಕುಗಳು ಕೆಟ್ಟು ನಿಲ್ಲದಂತೆ ನೋಡಿಕೊಂಡಿತು. ಗಾಡಿಗೆ ಹೊತ್ತುಹೊತ್ತಿಗೆ ಎಣ್ಣೆ ಬದಲಿಸಿದ್ದರಿಂದ ಕಾರು ಹೋಗದ ಹಳ್ಳಿಯ ಕೂಸಿಗೂ ಲಸಿಕೆ ಸಿಗುವಂತಾಯಿತು. ನಮ್ಮ ಎರೆಹೊಲದ ಬದುವಿಗೂ ಜೀಪು ಹೋಗದು, ಬೈಕ್ ಹೋಗುತ್ತದೆ. ಹೊಲದವರನ್ನು ಮಾತಾಡಿಸಿ, ಬಿಟ್ಟ ಬೋರ್ ಎಲ್ಲಿದೆ ಕೇಳಿ, ಸರ್ವೆ ನಂಬರಿನೊಂದಿಗೆ ಬರೆದು ಪಂಚಾಯಿತಿಗೆ ಕೊಟ್ಟು, ಮುಚ್ಚುವತನಕ ಮತ್ತೆ ಮತ್ತೆ ಹೋಗಿ. ಹೊಲದವರನ್ನು ದೂರುವ ಧಾಟಿ ಬೇಡ, ಪೈಪು ಕಿತ್ತ ದಿನವೇ ಮಣ್ಣು ತುಂಬಲು ನಾಲ್ಕು ಕೈ ಸೇರಿಸಿದರೆ ಸಾಕು. ಬೋರ್ ಗಾಡಿಗಳು ಹೆಚ್ಚು ಓಡಾಡುವುದು ಬೇಸಗೆಯಲ್ಲಿ. ಯುಗಾದಿಗೆ ಹೊರಟರೆ ಮೃಗಶಿರಾ ಮಳೆ ಬೀಳುವುದರೊಳಗೆ, ಹುಲ್ಲು ಏಳುವ ಮೊದಲು, ಭೀಮೆಯ ದಂಡೆಯಿಂದ ಕೃಷ್ಣೆಯ ದಂಡೆಯವರೆಗೆ ಒಂದು ಸುತ್ತು ಆದೀತು. ಪೆಟ್ರೋಲಿನ ಖರ್ಚಿಗೆ ಓದುಗರ ಬಳಗ ಜೊತೆಗಿದೆ. ಬಂದ ಪಟ್ಟಿಯನ್ನು ಊರಿನ ಹೆಸರಿನೊಂದಿಗೆ ಪ್ರತಿ ಸಂಚಿಕೆಯಲ್ಲೂ ಅಚ್ಚು ಹಾಕುತ್ತೇವೆ. ಮುಚ್ಚಿದ್ದು ಎಷ್ಟು, ಬಾಯಿ ತೆರೆದು ಉಳಿದದ್ದು ಎಷ್ಟು ಎಂಬುದೂ ಅದರಲ್ಲೇ ಇರುತ್ತದೆ.